ಬಣ್ಣ ಹಿಡಿಯದ ರೆಕ್ಕೆ

ದರ್ಬೆ, ಪುತ್ತೂರು
ಸೋಮವಾರ

ಅತ್ತೆಗೆ, ಗಾನಶ್ರೀ ದರ್ಬೆಯ ಮನೆಯಿಂದ ಮಾಡುವ ನಮಸ್ಕಾರ.

ಫೋನಿನಲ್ಲಿ ನೀವು ಕೈಗೆ ಸಿಗುವುದಿಲ್ಲ. "ಊಟ ಆಯ್ತಾ? ಪ್ರಸನ್ನ ಹುಷಾರುಂಟಾ? ಇಡ್ತೇನೆ." ಮೂರು ಮಾತು, ಮುಗಿಯಿತು. ಆದರೆ ಬರೆದದ್ದನ್ನು ಓದದೆ ಬಿಡುವವರಲ್ಲ ನೀವು. ಕಡಲೆ ಕಟ್ಟಿದ ಕಾಗದವನ್ನೂ ಬಿಡಿಸಿ, ತಿರುಗಿಸಿ ಓದುವವರು. ಆ ಧೈರ್ಯದಿಂದ ಬರೆಯುತ್ತಿದ್ದೇನೆ. ಚಿಕ್ಕತ್ತೆಯ ಮೊಣಕಾಲು ನೋವಿಗೆಂದು ಹದಿನೈದು ದಿನಕ್ಕೆ ಆಲೆಟ್ಟಿಗೆ ಹೋದವರು ನೀವು, ಈಗ ಹನ್ನೊಂದು ತಿಂಗಳಾಯಿತು. ಚಿಕ್ಕತ್ತೆ ಬಸ್ಸು ಹತ್ತಿ ಸುಳ್ಯ ಪೇಟೆ ಸುತ್ತಿ ಬರುತ್ತಾರಂತೆ. ನೀವು ಮಾತ್ರ ಬರಲಿಲ್ಲ. ನನ್ನ ಮೇಲಿನ ಸಿಟ್ಟು ಎಂದುಕೊಂಡಿದ್ದೆ.

ಮದುವೆಯಾಗಿ ಬಂದ ವರ್ಷ ನೆನಪುಂಟಾ? ಈಶ್ವರಮಂಗಲದ ತವರಿನಿಂದ ನಾನು ತಂದ ಪೆಟ್ಟಿಗೆಯಲ್ಲಿ ಸೀರೆಗಿಂತ ಜಾಸ್ತಿ ಬ್ರಷ್ಷು, ಬಣ್ಣದ ಡಬ್ಬಿ. ಜೊತೆಗೆ ಬೆರಳುದ್ದದ ಒಂದು ಲೋಹದ ಆಟಿಕೆ. ನೀವು ಅದನ್ನು ಅಂಗೈಯಲ್ಲಿಟ್ಟು, "ಇದೆಂತ, ಬಂಗುಡೆಯಾ?" ಎಂದಿರಿ. ಮೀನು ಮುಟ್ಟದ ಮನೆಯ ನಿಮಗೆ ಬಂಗುಡೆಯ ಆಕಾರ ಹೇಗೆ ಗೊತ್ತು ಎಂದು ನಿಮ್ಮ ಮಗ ಪ್ರಸನ್ನ ವಾರಗಟ್ಟಲೆ ನಿಮ್ಮನ್ನು ಕಾಡಿಸಿದ. ಇದು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಹಡಗು, ಮುಂದೆಂದೋ ನಡೆಯುವ ಕಥೆಯದ್ದು ಎಂದೆ. "ಅಷ್ಟು ದೂರ ಹೋಗುದಾದರೆ ಅಡಿಗೆ ಕೋಣೆ ಎಲ್ಲಿ ಮಾರಾಯ್ತಿ?" ಎಂದು ಕೇಳಿದಿರಿ. ಅಡಿಗೆ ಕೋಣೆ ಇರಲಿಲ್ಲ. ನನಗೆ ನಾಚಿಕೆಯಾಯಿತು.

ಅಂಚುಗಳನ್ನು ಅರದಿಂದ ಉಜ್ಜಿ, ಸಾಬೂನಿನಲ್ಲಿ ತೊಳೆದು, ಒಣಗಿಸಿ, ಬೂದು ಪ್ರೈಮರ್ ಸಿಂಪಡಿಸುವಾಗ ನೀವು ಮಣೆ ಹಾಕಿ ಪಕ್ಕದಲ್ಲೇ ಕುಳಿತಿರಿ. ಇದಿಲ್ಲದಿದ್ದರೆ ಲೋಹ ಯಾವ ಬಣ್ಣವನ್ನೂ ಹಿಡಿದುಕೊಳ್ಳುವುದಿಲ್ಲ ಎಂದು ನಾನು ಪಾಠ ಹೇಳಿದೆ. ಕೊನೆಗೆ ಕಿಟಕಿಗಳಿಗೆ ಹಳದಿ ಚುಕ್ಕೆ ಇಡುವಾಗ ನನ್ನ ಕೈ ನಡುಗಿತು. ಬತ್ತಿ ಹೊಸೆದು ಪಳಗಿದ ನಿಮ್ಮ ಬೆರಳು ನಡುಗಲಿಲ್ಲ. "ಒಳಗೆ ಜನ ಇರುದಲ್ವಾ, ದೀಪ ಬೇಡ್ವಾ?" ಎನ್ನುತ್ತ ಒಂದೊಂದಕ್ಕೂ ದೀಪ ಹಚ್ಚಿದಿರಿ. ಒಂದು ಕಿಟಕಿಯನ್ನು ಮಾತ್ರ ಕತ್ತಲೆ ಬಿಟ್ಟು, "ಅಲ್ಲಿ ಬಾಣಂತಿ ಮಲಗಿದ್ದಾಳೆ" ಎಂದಿರಿ. ತವರು ನೆನೆದು ದಿನ ಎಣಿಸುತ್ತಿದ್ದ ನಾನು ಅವತ್ತಿನಿಂದ ಎಣಿಸುವುದನ್ನು ಬಿಟ್ಟೆ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಆಮೇಲೆ ಬಂತಲ್ಲ, ಆ ಎರಡನೇ ಹಡಗು. ಪುರಭವನದ ಹವ್ಯಾಸ ಪ್ರದರ್ಶನಕ್ಕೆ ಇನ್ನೆರಡೇ ದಿನ. ಚಾವಡಿಯಲ್ಲಿ ನನ್ನ ಲ್ಯಾಬಿನ ಆಯಿಶಾ, ಅವಳ ಗಂಡ ರಹ್ಮತ್, ಪಕ್ಕದ ಮನೆಯ ತೀರ್ಥರಾಮಣ್ಣ, ಅವರ ಹೆಂಡತಿ ಕುಳಿತಿದ್ದರು. ನಾನು ಹಿಂದಿನ ಜಗಲಿಯಲ್ಲಿ ಪ್ರೈಮರ್ ಹೊಡೆದು ನೋಡುತ್ತೇನೆ, ಬಲ ರೆಕ್ಕೆಯ ಮೇಲೆ ಉಗುರಗಲದ ಜಾಗದಲ್ಲಿ ಬಣ್ಣ ಹಿಂದೆ ಸರಿದು ಲೋಹ ಹೊಳೆಯುತ್ತಿದೆ. ಎಣ್ಣೆ! ಅದು ತಾಗಿದ ಲೋಹಕ್ಕೆ ಪ್ರೈಮರೂ ಹಿಡಿಯುವುದಿಲ್ಲ. ಮಳೆ ಹಿಡಿಯಿತೆಂದರೆ ಬೀಗ, ಕತ್ತರಿ, ಮೆಟ್ಟುಕತ್ತಿ, ಕಿಟಕಿಯ ಕೊಂಡಿ ಎಲ್ಲಕ್ಕೂ ತುಕ್ಕು ಹಿಡಿಯದಂತೆ ತೆಂಗಿನೆಣ್ಣೆ ಸವರುವವರು ಮನೆಯಲ್ಲಿ ಒಬ್ಬರೇ. ಒಳಗೆ ಬಂದು ಎಲ್ಲರೆದುರು ಕೂಗಿದೆ: "ಎಣ್ಣೆ ಹಚ್ಚುದೊಂದೇ ಗೊತ್ತು ನಿಮಗೆ! ಇನ್ನು ನನ್ನ ಯಾವ ವಸ್ತುವನ್ನೂ ಮುಟ್ಟಬೇಡಿ!"

ನೀವು ಚಾದ ತಟ್ಟೆ ಹಿಡಿದುಕೊಂಡೇ ನಿಂತಿರಿ. "ನಾನೇ ಹಚ್ಚಿರಬೇಕು. ನೆನಪಾಗುದಿಲ್ಲ ಮಗಾ" ಎಂದಿರಿ. ಚಾ ಕೊಟ್ಟು ಒಳಗೆ ಹೋದಿರಿ. ಮರುದಿನದಿಂದ ಸಣ್ಣ ಚಮಚ ಎತ್ತುವ ಮೊದಲೂ "ಇದು ನಿನ್ನದಾ?" ಎಂದು ಕೇಳತೊಡಗಿದಿರಿ. ನನಗೆ ಚುಚ್ಚಿದರೂ ಹೌದು, ಅಲ್ಲ ಎಂದು ಉತ್ತರ ಕೊಡುತ್ತ ಹೋದೆ. ವಾರದಲ್ಲಿ ನೀವು ಆಲೆಟ್ಟಿಗೆ ಹೊರಟಿರಿ. ಹಡಗು ಡಬ್ಬಿ ಸೇರಿತು.

ಮೊನ್ನೆ ಅದನ್ನು ಹೊರಗೆ ತೆಗೆದೆ. ಹಳೆಯ ಪ್ರೈಮರನ್ನೆಲ್ಲ ಥಿನ್ನರಿನಲ್ಲಿ ಕಳಚಿ, ಬಿಸಿ ನೀರು, ಸಾಬೂನು ಹಾಕಿ ತಿಕ್ಕಿದೆ. ಒಂದು ದಿನವಿಡೀ ಫ್ಯಾನಿನ ಅಡಿ ಒಣಗಿಸಿದೆ. ನಿನ್ನೆ ಭಾನುವಾರ, ತಲೆಗೆ ಎಣ್ಣೆ ಹಾಕಿಕೊಂಡು, ಮೀಯುವ ಮೊದಲು ಒಂದು ಕೋಟ್ ಆಗಿಬಿಡಲಿ ಎಂದು ಪ್ರೈಮರ್ ಹೊಡೆದೆ. ಅದೇ ಬಲ ರೆಕ್ಕೆ, ಅದೇ ಜಾಗ, ಅಷ್ಟೇ ಅಗಲ. ಬಣ್ಣ ಮತ್ತೆ ಹಿಂದೆ ಸರಿಯಿತು.

ನೀವು ಆಲೆಟ್ಟಿಯಲ್ಲಿದ್ದೀರಿ. ಹಾಗಾದರೆ ಹಚ್ಚಿದ್ದು ಯಾರು? ಹಡಗನ್ನು ನಾನು ಯಾವಾಗಲೂ ಹಿಡಿಯುವಂತೆ ಎಡಗೈಯಲ್ಲಿ ಹಿಡಿದೆ. ನನ್ನ ಹೆಬ್ಬೆರಳು ಆ ಕಲೆಯ ಮೇಲೆ ಸರಿಯಾಗಿ ಕುಳಿತುಕೊಂಡಿತು. ಆ ದಿನವೂ ಭಾನುವಾರವೇ, ಅತ್ತೆ. ಆ ದಿನವೂ ತಲೆಗೆ ಎಣ್ಣೆ ಹಾಕಿ, ಕೈಯನ್ನು ಬೈರಾಸಿಗೆ ಒರೆಸಿ ಬಂದಿದ್ದೆ, ತೊಳೆದಿರಲಿಲ್ಲ. ಲ್ಯಾಬಿನಲ್ಲಿ ಕೈಗವಸು ಇಲ್ಲದೆ ಒಂದು ಗಾಜಿನ ಚೂರನ್ನೂ ಮುಟ್ಟದವಳು ನಾನು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಹಾಗಾಯಿತು ನನ್ನದು. ನಿಮ್ಮ ಎಲೆಯಲ್ಲಿ ನೊಣವೂ ಇರಲಿಲ್ಲ.

ಪ್ರಸನ್ನನಿಗೆ ಹೇಳಿದೆ. ಅವನು, ಯಾರಿಗೂ ಹೇಳಬಾರದೆಂದು ನೀವು ಆಣೆ ಹಾಕಿಸಿದ್ದನ್ನು ಹೇಳಿಬಿಟ್ಟ. ಅವನಿಗೆ ಬೈಯಬೇಡಿ. ನಿಮಗೆ ಮರೆವು ಸುರುವಾಗಿದೆ ಎಂದು ಹೆದರಿದ್ದೀರಂತೆ. "ಮಾಡಿದ ಕೆಲಸವೇ ನೆನಪಿಲ್ಲ ನನಗೆ, ಅಲ್ಲಿದ್ದು ಇನ್ನೆಂತ ಹಾಳು ಮಾಡ್ತೇನೋ" ಎಂದಿರಂತೆ. ಸುಳ್ಯದ ಡಾಕ್ಟರು ಏನೂ ಇಲ್ಲ ಎಂದರೂ ನಂಬಲಿಲ್ಲವಂತೆ. ಹನ್ನೊಂದು ತಿಂಗಳು ನೀವು ನನ್ನ ಮೇಲೆ ಸಿಟ್ಟು ಮಾಡಿಕೊಂಡಿರಲಿಲ್ಲ. ನನ್ನ ಮಾತನ್ನು ನಂಬಿ ನಿಮ್ಮ ಮೇಲೆಯೇ ಸಂಶಯಪಟ್ಟಿರಿ.

ಅತ್ತೆ, ನಿಮಗೆ ನೆನಪಾಗದಿದ್ದದ್ದು ಮರೆವಿನಿಂದಲ್ಲ. ನೀವು ಹಚ್ಚಿರಲೇ ಇಲ್ಲ. ಹಚ್ಚದ ಎಣ್ಣೆ ನೆನಪಾಗುವುದು ಹೇಗೆ?

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ, ಗೊತ್ತು. ಆದರೂ ಬರುವ ಭಾನುವಾರ ಅದೇ ನಾಲ್ಕು ಜನರನ್ನು ಚಾಕ್ಕೆ ಕರೆದಿದ್ದೇನೆ. ಅದೇ ಚಾವಡಿಯಲ್ಲಿ, ಅಷ್ಟೇ ಗಟ್ಟಿಯಾಗಿ, ತಪ್ಪು ನನ್ನದು ಎಂದು ಹೇಳುತ್ತೇನೆ. ನೀವು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಆದರೆ ಅವರು ಕೇಳುವುದಕ್ಕಿಂತ ನೀವು ಕೇಳುವುದು ನನಗೆ ಮುಖ್ಯ. ಶನಿವಾರ ಪ್ರಸನ್ನ ಕಾರು ತರುತ್ತಾನೆ. ಹತ್ತುವುದು ಬಿಡುವುದು ನಿಮಗೆ ಬಿಟ್ಟದ್ದು.

ನೂರು ವರ್ಷ ನಿಮ್ಮ ನೆನಪು ಹೀಗೆಯೇ ಗಟ್ಟಿಯಾಗಿರಲಿ ಅತ್ತೆ. ಅದರಲ್ಲಿ ನಾನಾಡಿದ ಆ ಒಂದು ಮಾತು ಮಾತ್ರ ಮರೆತುಹೋಗಲಿ.

ನಿಮ್ಮ ಸೊಸೆ,
ಗಾನಶ್ರೀ