ನೀನಿಲ್ಲದ ಐದು ಮಂಗಳವಾರಗಳ ಹಾಜರಿ

ಪ್ರೀತಿಯ ನಿಧಾನಮ್ಮನಿಗೆ,

ಈ ಕಾಗದವನ್ನು ನಿನ್ನ ಲ್ಯಾಬ್ ರೆಕಾರ್ಡಿನ ಒಳಗಿಟ್ಟು ನಿನ್ನ ಗೆಳತಿ ಗಡಿಬಿಡಿಯ ಕೈಲಿ ಕಳಿಸುತ್ತಿದ್ದೇನೆ. ಫೋನ್ ಮಾಡಿದರೆ ನಿಮ್ಮಪ್ಪ ಎತ್ತುವುದಿಲ್ಲ. ಮಗಳ ರೂಮ್‌ಮೇಟು ರೆಕಾರ್ಡು ಕೊಡಲು ಬಂದರೆ ಬೇಡ ಅನ್ನಲಾರರು ಅಂದುಕೊಂಡಿದ್ದೇನೆ. ಪಾಠ ಮಾಡುವವಳು ಕದ್ದು ಚೀಟಿ ಕಳಿಸುವ ಕಾಲ ಬಂತು ನೋಡು.

ನಿನಗೆ ನಿಧಾನಮ್ಮ ಎಂದು ಹೆಸರಿಟ್ಟವಳು ನಾನೇ. ಮೊದಲ ವರ್ಷ, ಎಲ್ಲರೂ ಬ್ಯೂರೆಟ್ಟಿನ ತಿರುಪು ತಿರುಗಿಸಿ ದ್ರಾವಣವನ್ನು ಸುರ್ರನೆ ಸುರಿದು, ಬಣ್ಣ ಕೆಟ್ಟು, ಬಂದ ಅಂಕಿಯನ್ನೇ ತಿದ್ದಿ ಬರೆದುಕೊಂಡು ಕ್ಯಾಂಟೀನಿಗೆ ಓಡುತ್ತಿದ್ದರು. ನೀನು ಮಾತ್ರ ಹನಿ ಹನಿಯಾಗಿ ಬಿಡುತ್ತಾ, ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಅಟೆಂಡರ್ ಬೀಗದ ಕೈ ಹಿಡಿದುಕೊಂಡು, "ಮೇಡಂ, ನಿಮ್ಮ ನಿಧಾನಮ್ಮಂದು ಮುಗಿಯೋ ಹೊತ್ತಿಗೆ ನಾನು ರಿಟೈರ್ ಆಗ್ತೀನಿ" ಅಂದಿದ್ದ. ನೀನು ಎಷ್ಟು ನಕ್ಕಿದ್ದೆ! ಆ ನಗು ಯಾವಾಗ ನಿಂತಿತು ಎಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿತ್ತು.

ನಮ್ಮ ವಿದ್ಯಾರ್ಥಿ ಕ್ಷೇಮ ಸಮಿತಿಯ ನಿಯಮ ನಿನಗೆ ಗೊತ್ತೇ ಇದೆ, ಲ್ಯಾಬಿನಲ್ಲಿ ನಾನೇ ಹೇಳಿದ್ದೆ. ಯಾರಾದರೂ ಸತತ ಮೂರು ಲ್ಯಾಬ್ ತಪ್ಪಿಸಿಕೊಂಡರೆ, ಆಪ್ತ ಸಮಾಲೋಚಕಿ ತಾನೇ ಅವರ ರೂಮಿಗೆ ಹೋಗಿ ಮಾತಾಡಿಸಬೇಕು. ತೊಂದರೆಯಲ್ಲಿರುವ ಮಕ್ಕಳು ತಾವಾಗಿ ಬಂದು ಬಾಗಿಲು ತಟ್ಟುವುದಿಲ್ಲ, ನಾವೇ ಹೋಗಬೇಕು ಎಂದು ಸಭೆಯಲ್ಲಿ ಮೇಜು ಕುಟ್ಟಿ ಹೇಳಿದವಳು ನಾನು. ಥಿಯರಿ ಕ್ಲಾಸಿನಲ್ಲಿ ಬರದವರ ಪರವಾಗಿ ಗೆಳತಿಯರು ಪ್ರಾಕ್ಸಿ ಕೂಗುತ್ತಾರೆ, ಲ್ಯಾಬಿನಲ್ಲಿ ಅದು ನಡೆಯೋದಿಲ್ಲ, ಲ್ಯಾಬಿನ ಹಾಜರಿಯನ್ನೇ ನಂಬೋಣ ಎಂದವಳೂ ನಾನೇ. ಎಲ್ಲರೂ ತಲೆದೂಗಿದರು. ನನಗೂ ಒಂದಿಷ್ಟು ಜಂಬವಾಯಿತು.

ಆಮೇಲೆ ಒಂದು ಮಂಗಳವಾರ ನಿನ್ನ ನಂಬರು ಇಪ್ಪತ್ತೇಳು ಎಂದು ಕರೆದೆ, ನೀನಿರಲಿಲ್ಲ. ಮೊದಲೇ ಜ್ವರ ಬಂದು ನಿನಗೆ ಹಾಜರಿ ಕಡಿಮೆಯಿತ್ತು. ಇನ್ನೊಂದೆರಡು ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪಾಪ, ಒಳ್ಳೆಯ ಹುಡುಗಿ, ಮುಂದಿನ ವಾರ ಎರಡನ್ನೂ ಒಟ್ಟಿಗೆ ಮಾಡುತ್ತಾಳೆ ಬಿಡು ಎಂದುಕೊಂಡು 'ಹಾಜರು' ಎಂದು ಹಾಕಿದೆ. ಮುಂದಿನ ವಾರವೂ ಹಾಗೇ ಆಯಿತು. ಮೂರನೆಯ ವಾರ ಕೈ ತಾನಾಗಿಯೇ ಹಾಕಿತು. ಹೀಗೆ ಐದು ವಾರ. ನನ್ನ ಲ್ಯಾಬಿನಲ್ಲಿ ಪ್ರಾಕ್ಸಿ ಹಾಕಿದ್ದು ನಾನು ಒಬ್ಬಳೇ.

ಆರನೆಯ ಮಂಗಳವಾರ ಗಡಿಬಿಡಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಒಂದು ಮಾತಿಗೆ ಹತ್ತು ಮಾತಾಡುವ ಹುಡುಗಿ, ಅವತ್ತು ತಡವರಿಸಿದಳು. "ಮೇಡಂ, ಅವಳು ಎದ್ದೇಳ್ತಾನೇ ಇಲ್ಲ. ನಾನು ತಂದುಕೊಟ್ಟರೆ ಎರಡು ತುತ್ತು ತಿಂತಾಳೆ. ಯಾರಿಗೂ ಹೇಳ್ಬೇಡ ಅಂದಿದ್ಲು. ಇನ್ನು ನನ್ನ ಕೈಲಿ ಆಗಲ್ಲ." ಏಪ್ರನ್ನು ಬಿಚ್ಚುವುದನ್ನೂ ಮರೆತು ಹಾಸ್ಟೆಲಿಗೆ ಓಡಿದೆ.

ಹಗಲು ಹನ್ನೆರಡಕ್ಕೆ ನಿನ್ನ ಕಿಟಕಿಯ ಪರದೆ ಎಳೆದಿತ್ತು. ಬಕೆಟ್ಟಿನಲ್ಲಿ ನೆನೆಸಿಟ್ಟ ಬಟ್ಟೆ ವಾಸನೆ ಬರುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ಇಸ್ತ್ರಿ ಮಾಡಿದ ನಿನ್ನ ಏಪ್ರನ್ನು ಮಾತ್ರ ನೆಟ್ಟಗೆ ತೂಗುತ್ತಿತ್ತು. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಬಂದದ್ದು ನಾನೆಂದು ಗೊತ್ತಾದಾಗ ನೀನು ಮೆಲ್ಲಗೆ ಹೇಳಿದೆ, "ಮೂರು ವಾರ ತಪ್ಪಿದ್ರೆ ನೀವೇ ಬರ್ತೀರ ಅಂದಿದ್ರಲ್ಲ ಮೇಡಂ. ನಾನು ಎಣಿಸ್ತಾ ಇದ್ದೆ."

ಮಗಳೇ, ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ನೀನು ಬರದೆ ಇದ್ದದ್ದೇ ನನ್ನನ್ನು ಕರೆದದ್ದು. ನಾನು ಹೇಳಿಕೊಟ್ಟ ದಾರಿಯಲ್ಲೇ ನೀನು ಕರೆದಿದ್ದೆ, ಮೂರು ವಾರ ಕಾದಿದ್ದೆ, ಯಾರೂ ಬರಲಿಲ್ಲವೆಂದು ಇನ್ನೂ ಎರಡು ವಾರ ಕಾದಿದ್ದೆ. ನಾನು ಪುಸ್ತಕದಲ್ಲಿ ನಿನ್ನನ್ನು ಆರಾಮವಾಗಿ ಕೂರಿಸಿ ಮನೆಗೆ ಹೋಗಿ ಟೀ ಕುಡಿಯುತ್ತಿದ್ದೆ.

ಸಮಾಲೋಚಕಿ ಬಂದರು. ಇದು ಸೋಮಾರಿತನ ಅಲ್ಲ, ಕಾಯಿಲೆ, ತಡ ಮಾಡದೆ ಮನೋವೈದ್ಯರಿಗೆ ತೋರಿಸಬೇಕು ಎಂದರು. ನಿಮ್ಮಪ್ಪನಿಗೆ ಹೇಳಿ ಕಳಿಸಿದೆವು. ಅವರು ಮರುದಿನವೇ ಬಂದು, ನಿನ್ನ ಪೆಟ್ಟಿಗೆ ಎತ್ತಿಕೊಂಡು ಕರೆದೊಯ್ದರು. ಡಾಕ್ಟರ ಹತ್ತಿರ ಹೋಗಿಲ್ಲ ಎಂದು ತಿಳಿದು ನಾನೇ ನಿಮ್ಮ ಮನೆಗೆ ಬಂದೆ. ನಿನಗೆ ಗೊತ್ತಾಯಿತೋ ಇಲ್ಲವೋ. ಬಾಗಿಲ ಬಳಿ ನಿನ್ನ ನೀಲಿ ಚಪ್ಪಲಿ ಇತ್ತು. ಅಪ್ಪ ಹೊಸಿಲು ದಾಟಿ ಹೊರಗೆ ಬಂದು, ಕಾಲೇಜಿನಿಂದ ಬಂದ ಹಾಜರಿಯ ಮೆಸೇಜನ್ನು ನನ್ನ ಮುಖಕ್ಕೇ ಹಿಡಿದರು. "ಲ್ಯಾಬಿಗೆ ಐದಕ್ಕೆ ಐದು ಹಾಜರಿ. ಕೆಳಗೆ ನಿಮ್ಮದೇ ಹೆಸರು. ಹುಷಾರಿಲ್ಲದವಳು ವಾರವಾರ ಎದ್ದು ಬರ್ತಿದ್ಲಾ ಮೇಡಂ? ಓದೋಕೆ ಮೈಗಳ್ಳತನ, ಅಷ್ಟೇ. ನಾನು ಸರಿ ಮಾಡ್ತೀನಿ."

ಅದು ಸುಳ್ಳು, ನಾನೇ ಬರೆದ ಸುಳ್ಳು ಎಂದೆ. ಅವರು ನಂಬಲಿಲ್ಲ. ಮಗಳ ಪರ ವಹಿಸಿ ಈಗ ಸುಳ್ಳು ಹೇಳುತ್ತಿದ್ದೀರಿ ಎಂದು ಬಾಗಿಲು ಹಾಕಿಕೊಂಡರು. ನನ್ನ ಸುಳ್ಳು ಅವರಿಗೆ ಸತ್ಯವಾಗಿ ಕಂಡಿತು, ಸತ್ಯ ಸುಳ್ಳಾಯಿತು. ಬಸ್ ಸ್ಟಾಪಿನಲ್ಲಿ ಕೂತು ಅತ್ತೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಒಂದು ಬಾಗಿಲು ತೆಗೆಸಲಾಗಲಿಲ್ಲ.

ಪ್ರಿನ್ಸಿಪಾಲರ ಎದುರಿಗೇ ಆ ಐದೂ ಹಾಜರಿಗಳನ್ನು ಹೊಡೆದುಹಾಕಿ, 'ಗೈರು' ಎಂದು ಬರೆದು, ಸಹಿ ಮಾಡಿದೆ. ನನಗೆ ಮೆಮೊ ಬಂತು, ಬರಲಿ. ಈ ಸಲದ ಪರೀಕ್ಷೆ ನಿನಗೆ ತಪ್ಪುತ್ತದೆ, ಅದು ನನಗೆ ನಿಜಕ್ಕೂ ಸಂಕಟದ ಸಂಗತಿ. ತಿದ್ದಿದ ಪುಟದ ನಕಲನ್ನೂ ಸಮಾಲೋಚಕಿಯ ಪತ್ರವನ್ನೂ ನಿಮ್ಮಪ್ಪನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ತಲುಪಿದೆ ಎಂಬ ಚೀಟಿ ಮಾತ್ರ ವಾಪಸು ಬಂತು.

ಇನ್ನೇನು ಮಾಡಲಿ, ನನಗೆ ತೋಚುತ್ತಿಲ್ಲ. ರೆಕಾರ್ಡಿನ ಕೊನೆಯ ಪುಟದಲ್ಲಿ ಸಮಾಲೋಚಕಿಯ ನಂಬರು, ನನ್ನ ನಂಬರು, ಒಬ್ಬ ಡಾಕ್ಟರ ನಂಬರು ಬರೆದಿದ್ದೇನೆ. ಮಾತಾಡುವಷ್ಟು ಶಕ್ತಿ ಇಲ್ಲದಿದ್ದರೆ ಅಲ್ಲೇ ಒಂದು ಗೀಟು ಎಳೆದು ಗಡಿಬಿಡಿಯ ಕೈಲಿ ವಾಪಸು ಕೊಡು. ಅವಳು ಎಷ್ಟು ಹೊತ್ತಾದರೂ ಕಾಯುತ್ತಾಳೆ, ಕಾಯಲು ಹೇಳಿದ್ದೇನೆ. ಆ ಗೀಟು ಕಂಡ ದಿನವೇ ಸಮಾಲೋಚಕಿಯನ್ನು ಕರೆದುಕೊಂಡು ಬರುತ್ತೇನೆ. ಅಪ್ಪ ಬಾಗಿಲು ತೆಗೆಯುತ್ತಾರೋ ಇಲ್ಲವೋ, ಅದು ನನ್ನ ಕೈಲಿಲ್ಲ. ಮೆಟ್ಟಿಲ ಮೇಲೆ ಕೂತಿರುವುದು ನನ್ನ ಕೈಲಿದೆ.

ನಿನ್ನೆ ಮಂಗಳವಾರ. ಇಪ್ಪತ್ತೇಳು ಎಂದು ಕರೆದೆ. ಎಲ್ಲರೂ ತಲೆ ತಗ್ಗಿಸಿದರು. ನಿನ್ನ ಬ್ಯೂರೆಟ್ಟನ್ನು ಬೇರೆ ಯಾರೂ ಮುಟ್ಟಲಿಲ್ಲ. 'ಗೈರು' ಎಂದು ಬರೆದೆ. ಮುಂದಿನ ವಾರವೂ ಕರೆಯುತ್ತೇನೆ, ಅದರ ಮುಂದಿನ ವಾರವೂ.

ಹೊಟ್ಟೆಗೆ ಇಷ್ಟು ತಿನ್ನು, ಕಿಟಕಿಯ ಪರದೆ ಒಂದು ಗೇಣಾದರೂ ಸರಿಸು. ನಿಧಾನವಾದರೂ ಸರಿ, ನಿನಗೆ ಗುಣವಾಗಲಿ ತಾಯಿ.

ಈ ಸಲ ಎಣಿಸುತ್ತಾ ಕೂತಿರುವ,
ನಿನ್ನ ಲ್ಯಾಬ್ ಮೇಡಂ