ನಾನು ಎರರ್ ಎಂದು ಬರೆದ ಹೊಡೆತ

ಆಲ್ಡರ್ ಫಾಲ್ಸ್, ವರ್ಮಾಂಟ್
ಆಗಸ್ಟ್ 24

ಪ್ರೀತಿಯ ಕೋಲ್ಬಿ,

ನಿನ್ನ ಕಾರ್ಡು ನಿನ್ನೆ ಬಂತು. ಓದಿ ಮೈಯೆಲ್ಲ ಉರಿದುಹೋಯಿತು. ಸಿಟ್ಟು ನಿನ್ನ ಮೇಲೂ ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಬಂತು. "ಈ ಸಲ ಕಾಲೇಜು ಟೀಮಿಗೆ ಹೆಸರು ಕೊಟ್ಟಿಲ್ಲ ಮೇಡಂ. ಚಿಕ್ಕಪ್ಪನ ಜೊತೆ ಮನೆಗಳಿಗೆ ಚಾವಣಿ ಹಾಕೋ ಕೆಲಸಕ್ಕೆ ಹೋಗ್ತಿದೀನಿ. ಬೇಕಾದಾಗ ಒಂದು ಹಿಟ್ ಹೊಡೆಯೋಕಾಗದವನು ಅಲ್ಲಿದ್ದು ಏನ್ ಮಾಡ್ಲಿ" ಎಂದು ಬರೆದಿದ್ದೀಯ. ಕೊನೆಗೆ ನನ್ನ ಮೊಣಕಾಲು ಹೇಗಿದೆ ಎಂದು ಬೇರೆ ಕೇಳಿದ್ದೀಯ. ನನ್ನ ಮೊಣಕಾಲಿಗಿಷ್ಟು ಬೆಂಕಿ ಬೀಳಲಿ. ಎರಡು ತಿಂಗಳಿಂದ ನುಂಗಿಕೊಂಡಿದ್ದನ್ನು ಈಗ ಹೇಳುತ್ತೇನೆ, ಕೂತು ಓದು.

ಹನ್ನೊಂದು ಬೇಸಿಗೆಯಿಂದ ನಮ್ಮೂರಿನ ಬೇಸ್‌ಬಾಲ್ ಲೀಗಿಗೆ ಆಡಲು ಬರುವ ಕಾಲೇಜು ಹುಡುಗರಿಗೆ ನನ್ನ ಮನೆಯ ಹಿಂದಿನ ಕೋಣೆ ಕೊಟ್ಟು ಊಟ ಹಾಕುತ್ತಾ ಬಂದಿದ್ದೇನೆ. ನಿನ್ನಷ್ಟು ಮರ್ಯಾದಸ್ಥನನ್ನು ನೋಡಿಲ್ಲ, ನಿನ್ನಷ್ಟು ತಲೆ ತಿಂದವನನ್ನೂ ನೋಡಿಲ್ಲ. ಕಾಲೇಜಿನಲ್ಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದವನು ಇಲ್ಲಿ ಮರದ ಬ್ಯಾಟ್ ಹಿಡಿದು ಮೊದಲ ವಾರವೇ ಮೂರನ್ನು ಮುರಿದೆ. ಹಿಡಿತಕ್ಕೆಂದು ಬ್ಯಾಟಿಗೆ ಬಳಿಯುವ ಅಂಟು ರಾಳವನ್ನು ನನ್ನ ಒಳ್ಳೇ ಟವಲ್ಲಿಗೆಲ್ಲ ಮೆತ್ತಿದೆ. ಮೊಟ್ಟೆಯ ಮೇಲೆ ಖಾರದ ಸಾಸು ಸುರಿದುಕೊಂಡು, "ಅಡುಗೆ ಚೆನ್ನಾಗಿಲ್ಲ ಅಂತಲ್ಲ ಮೇಡಂ" ಎಂದು ದಿನಾ ಬೆಳಿಗ್ಗೆ ಕ್ಷಮೆ ಕೇಳಿದೆ. ಎರಡನೇ ವಾರಕ್ಕೆ ಚೆಂಡು ಬ್ಯಾಟಿಗೆ ಸರಿಯಾಗಿ ಬಡಿಯುವ ಸದ್ದು ಕೇಳತೊಡಗಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು.

ಆದರೆ ನೀನು ತಾತ್ಕಾಲಿಕ. ದೊಡ್ಡ ಕಾಲೇಜಿನ ಹುಡುಗರು ತಮ್ಮ ಪಂದ್ಯಾವಳಿ ಮುಗಿಸಿ ಬರುವ ತನಕ ಜಾಗ ತುಂಬಲು ಕರೆಸಿಕೊಂಡವನು. ಅವರು ಬಂದ ಮೇಲೆ ನೀನು, ನಿನ್ನ ಹಾಗೇ ತಾತ್ಕಾಲಿಕನಾಗಿದ್ದ ಆ ಟ್ರೇನರ್ ಎಂಬ ಹುಡುಗ, ಇಬ್ಬರಲ್ಲಿ ಒಬ್ಬನೇ ಉಳಿಯಬೇಕಿತ್ತು. ಹಿಟ್‌ಗಳ ಸರಾಸರಿ ಯಾರದು ಹೆಚ್ಚೋ ಅವನು ಉಳಿಯಲಿ ಎಂದು ಕ್ಲಬ್ಬಿನವರು ಹೇಳಿದ್ದರು. ಆ ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ನೀವಿಬ್ಬರೂ ಹೆಚ್ಚುಕಡಿಮೆ ಸಮ ಇದ್ದಿರಿ.

ಮತ್ತು ಸ್ಕೋರರ್ ಕುರ್ಚಿಯಲ್ಲಿ ನಾನಿದ್ದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಸಹಿಸಿಕೋ. ಹಿಡಿಯಬಹುದಾದ ಚೆಂಡನ್ನು ಕೈಬಿಟ್ಟರೆ ಅದು ಬಿಟ್ಟವನ ಎರರ್, ಹೊಡೆದವನಿಗೆ ಏನೂ ಇಲ್ಲ. ಹಿಡಿಯಲಾಗದ ಚೆಂಡಾದರೆ ಹೊಡೆದವನಿಗೆ ಹಿಟ್. ಯಾವುದು ಎಂದು ಹೇಳುವವಳು ನಾನೊಬ್ಬಳೇ.

ಆರನೇ ಇನಿಂಗ್ಸಿನಲ್ಲಿ ನೀನು ಹೊಡೆದ ಚೆಂಡು ನೆಲಕ್ಕಂಟಿಕೊಂಡೇ ಬಿರುಸಾಗಿ ಹೋಗಿ, ಎರಡನೇ ಮೂರನೇ ಬೇಸ್‌ಗಳ ನಡುವೆ ನಿಂತಿದ್ದ ಶಾರ್ಟ್‌ಸ್ಟಾಪ್ ಹುಡುಗನ ಕೈಗವಸಿಗೆ ಬಡಿದು ಆಚೆ ಹಾರಿತು. ಅವನು ಕೈ ಕೊಡವಿಕೊಂಡು ನಿಂತ. ನೀನು ಬೇಸ್ ಮೇಲೆ ನಿಂತು ಬೋರ್ಡಿನ ಕಡೆ ನೋಡಿದೆ. ಅದು ಹಿಟ್ ಎಂದು ನನಗೆ ಆ ಕ್ಷಣಕ್ಕೇ ಗೊತ್ತಿತ್ತು, ಕೋಲ್ಬಿ. ಬೆರಳು ಹಿಟ್ ಗುಂಡಿಯ ಮೇಲಿತ್ತು. ಹಿಂದಿನ ವಾರ ಟಿಕೆಟ್ ಹರಿಯುವ ಅರ್ಲ್ ಎಲ್ಲರ ಮುಂದೆ, "ಏನ್ ಲುಸಿಲ್, ಮನೇಲಿ ಊಟಾನೂ ಹಾಕ್ತೀಯ, ಇಲ್ಲಿ ಹಿಟ್ ಕೂಡ ಕೊಡ್ತೀಯ. ಹುಡುಗ ಪುಣ್ಯ ಮಾಡಿದ್ದ ಬಿಡು" ಎಂದು ನಗಾಡಿದ್ದ. ಅವನು ಅವತ್ತೂ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಎರರ್ ಒತ್ತಿದೆ.

ತೀರ್ಮಾನ ಬದಲಿಸಲು ಇಪ್ಪತ್ನಾಲ್ಕು ಗಂಟೆ ಸಮಯವಿರುತ್ತದೆ. ಸೋಮವಾರ ಬೆಳಿಗ್ಗೆ ನೀನು ಓಡಲು ಹೋಗಿದ್ದಾಗ ಕೋಚ್ ಪೆಲ್ಕಿ ನನ್ನ ಅಡುಗೆಮನೆಗೆ ಬಂದಿದ್ದ. ಇದು ನಿನಗೆ ಗೊತ್ತಿಲ್ಲ.

"ಲುಸಿಲ್, ಆ ಚೆಂಡಿನ ವಿಷಯ ಇನ್ನೊಂದ್ಸಲ ಯೋಚ್ನೆ ಮಾಡು. ನಂಗೆ ಈ ಹುಡುಗ ಬೇಕು."

"ನಾನು ಬರೆದದ್ದು ಬರೆದದ್ದೇ. ಮನೆಗೆ ಬಂದು ಕೇಳೋಕೆ ನಾಚ್ಕೆ ಆಗಲ್ವಾ ನಿಂಗೆ?"

"ಆಗುತ್ತೆ. ಆದ್ರೂ ಕೇಳ್ತಿದೀನಿ."

ಕಾಫಿಯನ್ನೂ ಕೊಡದೆ ಕಳಿಸಿದೆ. ನನ್ನ ನ್ಯಾಯವಂತಿಕೆಯ ಬಗ್ಗೆ ಅರ್ಧ ಗಂಟೆ ಎಷ್ಟು ಹೆಮ್ಮೆಪಟ್ಟೆ ಎಂದು ಹೇಳಲೂ ನಾಚಿಕೆಯಾಗುತ್ತದೆ. ನೀನು ಬಂದು ತಿಂಡಿಗೆ ಕೂತಾಗ, "ಆ ಚೆಂಡಿನ ಬಗ್ಗೆ ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದ್ದೆ. ನೀನು ಒಂದು ಮಾತು ಆಡಿದ್ದರೆ ಸಾಕಿತ್ತು. "ಇಲ್ಲ ಮೇಡಂ, ನೀವು ನೋಡಿದ್ದು ಸರಿಯಾಗೇ ಇರುತ್ತೆ" ಎಂದೆ. ಅಯ್ಯೋ ಪುಣ್ಯಾತ್ಮ, ಒಂದು ಸಲವಾದರೂ ತಟ್ಟೆ ಕುಕ್ಕಿ ಜಗಳ ಆಡಬಾರದಿತ್ತೇ? ನೋಡು, ಈಗಲೂ ನಿನ್ನ ತಲೆಗೇ ಕಟ್ಟುತ್ತಿದ್ದೇನೆ. ಹತ್ತೊಂಬತ್ತರ ಹುಡುಗ ಬೇಡಲಿ ಎಂದು ಅರವತ್ತೆಂಟರ ಹೆಂಗಸು ಕಾದು ಕೂತಿದ್ದಳು.

ಮಧ್ಯಾಹ್ನ ಟ್ರೇನರ್ ಉಳಿದ, ನಿನಗೆ ಬಸ್ಸಿನ ಟಿಕೆಟ್ ಕೊಟ್ಟರು. ನೀನು ಹಾಸಿಗೆಯ ಹೊದಿಕೆ ತೆಗೆದು ಮಡಿಸಿ ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟೆ. ಬಸ್ ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡು ಥ್ಯಾಂಕ್ಸ್ ಹೇಳಿದೆ. ನಾನು ಮನೆಗೆ ಬಂದಾಗಲೂ ತೀರ್ಮಾನ ಬದಲಿಸಲು ಇನ್ನೂ ಒಂದು ಗಂಟೆ ಸಮಯವಿತ್ತು. ಪಾತ್ರೆ ತೊಳೆದೆ.

ಕಾರ್ಡು ಓದಿದ ಕೂಡಲೇ ಲೀಗಿನ ಕಚೇರಿಗೆ ಫೋನ್ ಮಾಡಿದೆ. ಅವಧಿ ಮುಗಿದಿದೆಯಂತೆ, ಪುಸ್ತಕದಲ್ಲಿ ಅದು ಎರರ್ ಎಂದೇ ಇರುತ್ತದಂತೆ. ಇರಲಿ. ನೀನು ಹೊಡೆದದ್ದು ಹಿಟ್. ಬೇಕಾದಾಗಲೇ ಹೊಡೆದೆ, ಚೆನ್ನಾಗಿಯೇ ಹೊಡೆದೆ. ಕಂಡದ್ದನ್ನು ಕಂಡ ಹಾಗೆ ಬರೆಯುವ ಧೈರ್ಯ ನನಗಿರಲಿಲ್ಲ.

ಈ ಕಾಗದದ ಒಂದು ಪ್ರತಿಯನ್ನು, ನಿನ್ನನ್ನು ಕೇಳದೆ, ನಿನ್ನ ಕಾಲೇಜಿನ ಕೋಚಿಗೂ ಕಳಿಸುತ್ತಿದ್ದೇನೆ. ಆ ಮನುಷ್ಯನಿಗೆ ಫೋನ್ ಕೂಡ ಮಾಡಿದೆ. ಆಯ್ಕೆ ಸೆಪ್ಟೆಂಬರ್ ಎಂಟಕ್ಕೆ, ಹೆಸರು ಕೊಡಲು ಇನ್ನೂ ಅವಕಾಶ ಇದೆ ಎಂದ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. ಮೊದಲು ಆ ಚಾವಣಿಯಿಂದ ಕೆಳಗಿಳಿ, ಮಗೂ.

ನಿನ್ನ ಕೈಗೆ ಬಲವಿರಲಿ, ನಾಲಿಗೆಗೆ ಸ್ವಲ್ಪ ಖಾರವಿರಲಿ.

ನಿನಗೆ ಅನ್ಯಾಯ ಮಾಡಿದ,
ಲುಸಿಲ್ ಗಾಡೆಟ್