ಹೇಸರಗತ್ತೆಯ ಮಾತು

ಸ್ಟೋನಿ ಫೋರ್ಕ್, ಉತ್ತರ ಕೆರೊಲಿನಾ
ಸೆಪ್ಟೆಂಬರ್ ೨೨, ೧೯೯೭, ಸೋಮವಾರ

ಪ್ರೀತಿಯ ಅಳಿಯ ಕೋಯ್‌ಗೆ, ನಿನ್ನ ಗಾರ್ವಿನ್ ಮಾವ ಎರಡೂ ಕೈ ಎತ್ತಿ ಹರಸಿ ಕೇಳುವುದೇನೆಂದರೆ,

ಹೇಗಿದ್ದೀಯಪ್ಪಾ? ಭುಜದೊಳಗೆ ಡಾಕ್ಟರು ಕೂರಿಸಿದ ಲೋಹದ ಪಟ್ಟಿ ಚಳಿಗೆ ಸೆಳೆಯುತ್ತದೆ ಎಂದು ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಹಂದಿಕೊಬ್ಬಿಗೆ ಟರ್ಪೆಂಟೈನ್ ಕಲಸಿ, ಬೆಚ್ಚಗೆ ಮಾಡಿ ತಿಕ್ಕು. ಮಾರ್ಲಿಸ್ ಮೂಗು ಮುಚ್ಚಿಕೊಂಡು ಬೇರೆ ಕೋಣೆಯಲ್ಲಿ ಮಲಗಿದರೆ ಮಲಗಲಿ. ಮುನಿದು ಹೋದ ಹೆಂಡತಿ ವಾಪಸು ಬರುತ್ತಾಳೆ, ಹೋದ ಭುಜ ಬರುವುದಿಲ್ಲ. ನೆಬ್ರಾಸ್ಕಾದಲ್ಲಿ ಮುಸುಕಿನ ಜೋಳದ ಲಾರಿ ಓಡಿಸುವುದು ಹಾಯಾಗಿದೆಯೇ? ಅಲ್ಲಿ ರಸ್ತೆಗೆ ತಿರುವೇ ಇಲ್ಲ ಎಂದು ಕೇಳಿದ್ದೇನೆ. ಹುಟ್ಟಿದಾಗಿನಿಂದ ರೇಸಿನ ಟ್ರ್ಯಾಕಿನಲ್ಲಿ ಎಡಕ್ಕೆ ತಿರುಗುವುದೊಂದನ್ನೇ ಕಲಿತವನು ಆ ಊರಿನಲ್ಲಿ ಹೇಗೆ ಬದುಕುತ್ತಾನೋ ಕಾಣೆ. ಫೋನು ಮಾಡಬಹುದಿತ್ತು, ಮಾಡಿದರೆ ನೀನು ಅಲ್ಲಿಯ ಗಾಳಿ ಮಳೆಯ ಸುದ್ದಿ ಹೇಳಿ ಇಟ್ಟುಬಿಡುತ್ತೀ. ಕಾಗದವಾದರೆ ಮಧ್ಯದಲ್ಲಿ ಇಡಲಾಗದು. ಅಕ್ಷರ ಗುಂಡುಗುಂಡಾಗಿ, ಸಾಲಿಗೆ ನಾಲ್ಕೇ ಪದ ಹಿಡಿಯುವಷ್ಟು ದೊಡ್ಡದಾಗಿದೆ ಎಂದು ನಗಬೇಡ. ದೊಡ್ಡ ಮನುಷ್ಯರು ದೊಡ್ಡದಾಗಿಯೇ ಬರೆಯುತ್ತಾರೆ. ನಮ್ಮ ಹಳ್ಳಿಯ ಸ್ಕೂಲಿನಲ್ಲಿ ಏಳನೆಯ ಕ್ಲಾಸಿನ ತನಕ ನನ್ನಷ್ಟು ಚಂದ ಬರೆಯುವವನು ಇನ್ನೊಬ್ಬನಿರಲಿಲ್ಲ. ಎಂಟನೆಯ ಕ್ಲಾಸಿನಲ್ಲಿ ಯಾರಿದ್ದರೋ ನನಗೆ ಗೊತ್ತಿಲ್ಲ, ನಾನು ಹೋಗಲಿಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮ ಓಪಲ್ ಈ ಸಲ ಬೀನ್ಸನ್ನು ಎಷ್ಟು ಜಾಡಿಗೆ ತುಂಬಿಟ್ಟಿದ್ದಾಳೆಂದರೆ ಮಂಚದ ಕೆಳಗೂ ಬೀನ್ಸ್, ನನ್ನ ಬೂಟಿನ ಪಕ್ಕದಲ್ಲೂ ಬೀನ್ಸ್. ಅಕ್ಕ ಎಂಬ ಗೌರವ ನನಗೆ ಎಂದಿನಂತೆ ಇದೆ, ತಮ್ಮ ಎಂಬ ಕರುಣೆ ಅವಳಿಗೆ ಎಂದಿನಂತೆ ಇಲ್ಲ. ಹೋದ ವಾರ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿಕೊಂಡು ಪೂರ್ತಿ ಕುಡಿದೆ, ತಮಾಷೆಗೆ. ಜೋಳದ ಹೊಲದ ಬೆದರುಬೊಂಬೆಗೆ ಟೋಪಿ ತೆಗೆದು ‘ನಮಸ್ಕಾರ ಪಾದ್ರಿಗಳೇ’ ಎಂದೆ, ಅದೂ ತಮಾಷೆಗೆ. ಓಪಲ್ ನಗಲಿಲ್ಲ. ‘ಕೋಯ್‌ಗೆ ಒಂದು ಕಾಗದ ಬರಿ, ಬಾ ಅಂತ ಬರಿ. ನಾನು ಕರೆದ್ರೆ ಅಳು ಬರುತ್ತೆ, ನೀನಾದ್ರೆ ಬಾಯಿ ಬಡಾಯಿಲೇ ಕರೀತೀಯ’ ಎಂದಳು. ಅದಕ್ಕೇ ಕೂತಿದ್ದೇನೆ.

ಕರೆ ಏತಕ್ಕೆಂದು ನಿನಗೆ ಗೊತ್ತಿದ್ದೇ ಇದೆ. ನಿನ್ನ ತಂಗಿ ಡಾರ್ಲಾ ವಾರವೆಲ್ಲ ಕಾಲುಚೀಲದ ಗಿರಣಿಯಲ್ಲಿ ನಿಂತು, ಶನಿವಾರ ನಿನ್ನ ಹಳೆಯ ಅರವತ್ತೆಂಟನೇ ನಂಬರಿನ ರೇಸು ಕಾರಿನಲ್ಲಿ ಕೂರುತ್ತಾಳೆ. ಈ ಹಂಗಾಮಿನ ಅಂಕಗಳಲ್ಲಿ ನಮ್ಮ ಟ್ರ್ಯಾಕಿಗೆ ಅವಳೇ ಮುಂದೆ. ಬೆನ್ನ ಹಿಂದೆಯೇ ಒಬ್ಬ ಕೆಂಪು ಕಾರಿನವನಿದ್ದಾನೆ, ಹಲ್ಲಿನ ಡಾಕ್ಟರ ಮಗ. ಕಾರು ಒಳ್ಳೆಯದು, ಹುಡುಗ ಅಷ್ಟಕ್ಕಷ್ಟೆ. ಅಕ್ಟೋಬರಿನ ಎರಡನೆಯ ಶನಿವಾರ ಕೊನೆಯ ರೇಸು. ಅಂದು ಶಾರ್ಲೆಟ್‌ನಿಂದ ದೊಡ್ಡ ತಂಡದವರು ಅವಳನ್ನು ನೋಡಲು ಬರುತ್ತಾರೆ. ಗೆದ್ದರೆ ಮುಂದಿನ ವರ್ಷ ಅವರ ಕಾರು, ಸೋತರೆ ಮತ್ತೆ ಕಾಲುಚೀಲ. ಅಣ್ಣ ಬಂದು ನೋಡಬೇಕು ಎಂಬ ಆಸೆ ಅವಳಿಗಿದೆ. ಬಾಯಿಬಿಟ್ಟು ಹೇಳುವುದಿಲ್ಲ, ನಿನ್ನ ಹಳೆಯ ಹೆಲ್ಮೆಟ್ಟನ್ನು ಒರೆಸಿ ಒರೆಸಿ ಬಣ್ಣ ಕಿತ್ತುಹಾಕಿದ್ದಾಳೆ.

ನೀನು ನಮ್ಮ ಕೆಂಪುಮಣ್ಣಿನ ಟ್ರ್ಯಾಕಿಗೆ ಮೊದಲು ಇಳಿದ ದಿನ ನೆನಪಿದೆಯೇ? ಹೊಸಬ, ದೂರ ಇರಿ ಎಂದು ಹಿಂದಿನವರಿಗೆ ತಿಳಿಯಲಿ ಎಂದು ಕಾರಿನ ಹಿಂಭಾಗಕ್ಕೆ ಹಳದಿ ಪಟ್ಟಿ ಬಳಿಯುತ್ತಾರಲ್ಲ, ಅದನ್ನು ನಾನೇ ಬಳಿದೆ, ಸ್ಕೂಲು ಬಸ್ಸಿಗೆ ಬಳಿದು ಮಿಕ್ಕಿದ್ದ ಬಣ್ಣದಲ್ಲಿ. ರೇಸು ಮುಗಿದಾಗ ಆ ಪಟ್ಟಿಯನ್ನು ನೋಡದವರು ಇಬ್ಬರೋ ಮೂವರೋ ಇದ್ದರು, ಅಷ್ಟೆ; ಉಳಿದವರೆಲ್ಲ ನಿನ್ನ ಹಿಂದೆಯೇ ಇದ್ದರಲ್ಲ. ಅಂದಿನಿಂದ ಗ್ಯಾಲರಿಯ ತಗಡಿನ ಸೂರಿನ ಮೇಲೆ ನಿಂತು ರೇಡಿಯೋದಲ್ಲಿ ನಿನಗೆ ದಾರಿ ಹೇಳಿದವನು ನಾನು. ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದು ಕೂತವನಿಗೆ ಪಕ್ಕದಲ್ಲಿ ಯಾರಿದ್ದಾರೆಂದು ಕಾಣುವುದಿಲ್ಲ. ಮೇಲೆ ನಿಂತವನ ಕಣ್ಣೇ ಅವನ ಕಣ್ಣು. ಉಳಿದವರು ‘ಒಳಗೆ ಖಾಲಿ, ಹೊರಗೆ ಖಾಲಿ’ ಎಂದು ಪುರಾಣ ಓದುತ್ತಿದ್ದರೆ, ನಾವಿಬ್ಬರೂ ನಿಮ್ಮ ತಾತ ಹೊಗೆಸೊಪ್ಪಿನ ಹೊಲದಲ್ಲಿ ಕೇಟ್ ಎಂಬ ಹೇಸರಗತ್ತೆಗೆ ಹೇಳುತ್ತಿದ್ದ ಮಾತನ್ನೇ ಹಿಡಿದುಕೊಂಡೆವು. ‘ಹಾ’ ಎಂದರೆ ಎಡಗಡೆ ಖಾಲಿ, ನುಗ್ಗು. ‘ಜೀ’ ಎಂದರೆ ಬಲಗಡೆ ಖಾಲಿ, ಹೋಗು. ‘ವೋ’ ಎಂದರೆ ನಿಲ್ಲು, ಮುಂದೆ ಅಪಾಯ. ನಾನು ಏನೂ ಅನ್ನದಿದ್ದರೆ ಇದ್ದಲ್ಲೇ ಇರು. ಪಕ್ಕದವರು ‘ಏನಯ್ಯಾ ಗಾರ್ವಿನ್, ಕತ್ತೆಗೂ ರೇಡಿಯೋ ಕಟ್ಟಿದ್ದೀಯಾ’ ಎಂದು ಹಂಗಿಸುತ್ತಿದ್ದರು. ಕತ್ತೆ ಗೆಲ್ಲುತ್ತಾ ಹೋದ ಮೇಲೆ ಸುಮ್ಮನಾದರು.

ಆಮೇಲೆ ಶಾರ್ಲೆಟ್‌ನವರು ನಿನ್ನನ್ನು ಎತ್ತಿಕೊಂಡು ಹೋದರು. ಹೊಸ ಉಡುಪು, ಹೊಸ ಕಾರು, ಸೂರಿನ ಮೇಲೆ ಅಚ್ಚುಕಟ್ಟಾಗಿ ಮಾತಾಡುವ ಹೊಸ ಮನುಷ್ಯ. ನಾಲ್ಕು ವರ್ಷ ಓಡಿಸಿದೆ. ಗೆದ್ದದ್ದು ಒಂದೇ ಆದರೂ ಅದು ಗೆಲುವೇ, ನಮ್ಮ ಚರ್ಚಿನಲ್ಲಿ ಆ ಭಾನುವಾರ ಪ್ರಾರ್ಥನೆಗಿಂತ ಅದರ ಮಾತೇ ಹೆಚ್ಚಾಗಿತ್ತು. ನಂತರ ಆ ರೇಸು, ಆ ಹೊಗೆ. ಮುಂದೆ ನಮ್ಮೂರಿನ ಡೆಲ್ಮರನ ಕಾರು ಅಡ್ಡ ನಿಂತದ್ದು ನಿನಗೆ ಕಾಣಲಿಲ್ಲ, ನಿನಗೆ ದಾರಿ ಹೇಳುವವನಿಗೂ ಕಾಣಲಿಲ್ಲ. ಹೊಗೆ ಯಾರ ಮಾತನ್ನೂ ಕೇಳುವುದಿಲ್ಲ. ನಾನು ಇಲ್ಲಿ ಓಪಲ್‌ಳ ಸೋಫಾದ ಮೇಲೆ ಟೀವಿ ನೋಡುತ್ತಿದ್ದವನು ‘ವೋ’ ಎಂದು ಎಂಥಾ ಕೂಗು ಹಾಕಿದೆನೆಂದರೆ ಅಂಗಳದಲ್ಲಿದ್ದ ನಾಯಿ ಕೂತುಬಿಟ್ಟಿತಂತೆ. ನಿನಗೆ ಕೇಳಲಿಲ್ಲ. ಹೇಗೆ ಕೇಳೀತು, ನಡುವೆ ಮೂರು ರಾಜ್ಯ. ಡೆಲ್ಮರನ ಕಾಲು ಹೋಯಿತು, ನಿನ್ನ ಭುಜ ಹೋಯಿತು, ಆಸ್ಪತ್ರೆಯಿಂದ ನೇರ ನೆಬ್ರಾಸ್ಕಾಕ್ಕೆ ನೀನೂ ಹೋದೆ.

ಡೆಲ್ಮರನ ಸುದ್ದಿ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮರದ ಕಾಲು ಕಟ್ಟಿಕೊಂಡು ನಮ್ಮ ಟ್ರ್ಯಾಕಿನಲ್ಲೇ ಟೈರಿನ ಅಂಗಡಿ ಇಟ್ಟಿದ್ದಾನೆ. ಒಂದೇ ಬೂಟು ಕೊಳ್ಳಲು ಹೋದರೆ ಅಂಗಡಿಯವ ಎರಡರ ದುಡ್ಡು ಕೇಳುತ್ತಾನೆ ಎಂದು ಅವನ ಒಂದೇ ದೂರು. ನಿನ್ನ ಹೆಸರು ಬಂದಾಗ ಅವನು ಹೇಳುವುದು ಇಷ್ಟು: ‘ಕಾಲು ಹೋದದ್ದಕ್ಕೆ ಸಿಟ್ಟಿಲ್ಲ ಕಣಯ್ಯ, ಅದು ರೇಸು. ನೋಡೋಕೆ ಬರದೇ ಇದ್ದದ್ದಕ್ಕೆ ಸಿಟ್ಟು. ನನ್ನ ಮುಖ ಅಷ್ಟು ಕೆಟ್ಟದಾಗೇನೂ ಆಗಿಲ್ಲ, ಮೊದಲೇ ಹೀಗಿತ್ತು.’

ಈ ಜುಲೈ ತಿಂಗಳ ಒಂದು ಸಂಗತಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಡಾರ್ಲಾ ಮೂರನೆಯವಳಾಗಿ ಓಡುತ್ತಿದ್ದಳು. ಊರಿಗೆ ಹೊಸದಾಗಿ ಬಂದ ಪಾದ್ರಿ ಬೇಯಿಸಿದ ಕಡಲೆಕಾಯಿಯ ಚೀಲ ಹಿಡಿದು, ಸಿಪ್ಪೆ ಸುಲಿಯುತ್ತಾ, ಸೀದಾ ನಮ್ಮ ಕಾರುಗಳು ನಿಲ್ಲುವ ಜಾಗಕ್ಕೆ ಬಂದುಬಿಟ್ಟ. ಕಡಲೆಕಾಯಿ ಸಿಪ್ಪೆ ರೇಸಿನ ಜಾಗಕ್ಕೆ ಅಪಶಕುನ ಎಂದು ಪಾಪ ಬೈಬಲ್ಲಿನಲ್ಲಿ ಬರೆದಿಲ್ಲವಲ್ಲ. ಡೆಲ್ಮರ್ ಟೈರಿನ ಸಲಾಕೆ ಹಿಡಿದು ಕುಂಟುತ್ತಾ ಅವನನ್ನು ಅಟ್ಟಿದ. ಪಾದ್ರಿ ಮುಂದೆ, ಚೀಲದಿಂದ ಕಡಲೆಕಾಯಿ ಹಿಂದೆ. ಸೂರಿನ ಮೇಲಿಂದ ನೋಡಿ ನನಗೆ ನಗು ತಡೆಯಲಾಗಲಿಲ್ಲ, ರೇಡಿಯೋದ ಗುಂಡಿ ಒತ್ತಿದ್ದು ಮರೆತು ‘ಹಾ, ಹಾ’ ಎಂದು ನಕ್ಕೆ. ಕೆಳಗೆ ಡಾರ್ಲಾ ಒಂದು ‘ಹಾ’ಕ್ಕೆ ಎಡಕ್ಕೆ ನುಗ್ಗಿ ಒಂದು ಕಾರು ದಾಟಿದಳು, ಇನ್ನೊಂದು ‘ಹಾ’ಕ್ಕೆ ಇನ್ನೊಂದು. ಗೆದ್ದೇಬಿಟ್ಟಳು. ಇಳಿದು ಬಂದು, ‘ಮಾವ, ಅಷ್ಟು ಸಣ್ಣ ಸಂದಿ ನಿನಗೆ ಹೇಗೆ ಕಾಣಿಸ್ತು’ ಎಂದಳು. ‘ಕಣ್ಣು ಬೇಕು ಮಗಳೇ, ಕಣ್ಣು’ ಎಂದೆ. ನಿಜ ತಿಳಿದವರು ನಾನು, ದೇವರು, ಮತ್ತು ಈಗ ನೀನು.

ಮೊನ್ನೆ ಶನಿವಾರದ್ದು ಅದಕ್ಕೆ ತಿರುಗುಮುರುಗು. ರೇಸಿನ ಕೊನೆಯಲ್ಲಿ ಡಾರ್ಲಾ ಆ ಕೆಂಪು ಕಾರಿನ ಬಾಲಕ್ಕೇ ಅಂಟಿಕೊಂಡಿದ್ದಳು. ನಾನು ಬಾಯಿ ಬಿಡಲಿಲ್ಲ. ಅವಳು ಕಾದಳು, ನಾನು ಸುಮ್ಮನಿದ್ದೆ. ಸುತ್ತಿನ ಮೇಲೆ ಸುತ್ತು ಅವಳು ಅಲ್ಲೇ ಉಳಿದು ಎರಡನೆಯವಳಾದಳು. ಹೆಲ್ಮೆಟ್ಟು ತೆಗೆದವಳ ಮುಖ ಬೀಟ್‌ರೂಟಿನಂತೆ. ‘ಮಾವ, ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ? ಮೂರನೇ ತಿರುವಲ್ಲಿ ಎಡಗಡೆ ಲಾರಿ ಹೋಗೋವಷ್ಟು ಜಾಗ ಇತ್ತಂತೆ, ಸೋಡಾ ಮಾರೋನಿಗೂ ಕಂಡಿದೆ’ ಎಂದಳು. ಅವಳು ಬಯ್ಯಲಿ ಎಂದೇ ನಿಂತಿದ್ದೆ, ಪೂರ್ತಿ ಬಯ್ಯಲಿಲ್ಲ. ‘ತಾಳ್ಮೆ ಕಲಿಸಿದೆ ಮಗಳೇ, ಟೈರು ಉಳಿಸಿದೆ, ಕೊನೆಯ ರೇಸಿಗೆ ಆ ಕೆಂಪು ಕಾರಿನವನು ಮೈಮರೆಯಲಿ ಎಂದು ಬಿಟ್ಟುಕೊಟ್ಟೆ’ ಎಂದು ಒಂದೇ ಉಸಿರಿಗೆ ಮೂರು ಕಾರಣ ಕೊಟ್ಟೆ. ಸುತ್ತ ನಿಂತವರು ಗಾರ್ವಿನ್ ದೊಡ್ಡ ಗುಳ್ಳೆನರಿ ಎಂದು ತಲೆದೂಗಿದರು. ಡಾರ್ಲಾ ಕೂಡ ಡೆಲ್ಮರನ ಗಾಡಿಯಲ್ಲಿ ಮನೆಗೆ ಬರುವಾಗ ನನ್ನ ಭುಜಕ್ಕೆ ಒರಗಿ, ‘ನೀನು ಹೇಳಿದ್ದು ಸರಿ ಇರಬಹುದು ಮಾವ, ನಿನ್ನ ಮಾತು ನಂಬದೇ ಇನ್ಯಾರ ಮಾತು ನಂಬಲಿ’ ಎಂದಳು. ಹಾಗೆಂದು ನಿದ್ದೆಹೋದಳು.

ಅಂತೂ ವಿಷಯ ಇಷ್ಟೆ. ಓಪಲ್ ಬರೆಯೆಂದಳು, ಬರೆದೆ. ನೀನು ಬಂದರೆ ಸಂತೋಷ, ಬಾರದಿದ್ದರೆ ಬೇಸರವಿಲ್ಲ; ಜೋಳ ಕೊಯ್ಯುವ ಕಾಲ, ಲಾರಿ ಬಿಟ್ಟು ಬರುವುದು ಕಷ್ಟ ಎಂದು ನನಗೂ ಗೊತ್ತು. ಡಾರ್ಲಾಳನ್ನು ಗೆಲ್ಲಿಸುವ ಜವಾಬ್ದಾರಿ ನನ್ನದು. ನಿನ್ನನ್ನು ಮಣ್ಣಿನಿಂದ ಎತ್ತಿದ ಬಾಯಿ ಇದು, ಇನ್ನೂ ಸವೆದಿಲ್ಲ. ಮಾರ್ಲಿಸ್‌ಗೆ ನನ್ನ ನೆನಪು ಹೇಳು. ನಮ್ಮ ಬೀನ್ಸ್ ಅವಳಿಗೆ ಕಳಿಸುವುದಿಲ್ಲ, ಜಾಡಿ ಒಡೆದರೆ ಓಪಲ್ ನನ್ನನ್ನು ಒಡೆಯುತ್ತಾಳೆ. ನಿನ್ನ ಕೈ ಸ್ಟೀರಿಂಗಿನ ಮೇಲೆ ಗಟ್ಟಿಯಾಗಿರಲಿ, ತಟ್ಟೆ ತುಂಬಿರಲಿ, ಭುಜ ಬೆಚ್ಚಗಿರಲಿ.

ನಿನ್ನ ಪ್ರೀತಿಯ ಸೋದರಮಾವ,
ಗಾರ್ವಿನ್

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಡೆಲ್ಮರ್ ಹೊರಗೆ ಗಾಡಿಯಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಾನೆ, ಅಂಚೆ ಹೋಗುವ ಹೊತ್ತಾಯಿತಂತೆ. ಮೊನ್ನೆ ಎಲ್ಲರೂ ಹೋದ ಮೇಲೆ ಅವನು ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿ, ಮೂರನೆಯ ತಿರುವಿನಲ್ಲಿ ಒಂದು ಕಾರು ನಿಂತಿದೆಯಲ್ಲ, ಅದರ ನಂಬರು ಓದು ಎಂದ. ನಾನು ಒಂದು ನಂಬರು ಹೇಳಿದೆ.  ಅವನು, ‘ಅಲ್ಲಿ ಕಾರೇ ಇಲ್ಲ ಕಣಯ್ಯ. ಕೋಯ್‌ಗೆ ನೀನು ಬರೀತೀಯೋ ನಾನು ಬರೀಲೋ? ನಾನು ಬರೆದ್ರೆ ಕಾಲು ಕೇಳೋಕೆ ಬರೆದ ಅಂದ್ಕೋತಾನೆ’ ಎಂದ. ಎರಡೂ ಕಣ್ಣಿಗೆ ಪೊರೆ ಬಂದಿದೆ ಅಳಿಯ. ಡಾಕ್ಟರು ತೆಗೆಯುವುದು ನವೆಂಬರಿಗೆ. ಸೂರಿನ ಮೇಲಿಂದ ಮೂರನೆಯ ತಿರುವು ನನಗೆ ಬಟ್ಟೆ ಒಗೆದ ನೀರಿನ ಹಾಗೆ ಕಾಣುತ್ತದೆ. ಶನಿವಾರ ಸುಮ್ಮನಿದ್ದದ್ದು ತಾಳ್ಮೆಯೂ ಅಲ್ಲ, ಟೈರೂ ಅಲ್ಲ. ಎಡಕ್ಕೆ ಯಾರಿದ್ದಾರೋ ಇಲ್ಲವೋ ತಿಳಿಯಲಿಲ್ಲ. ತಿಳಿಯದೆ ‘ಹಾ’ ಅನ್ನಲು ನನ್ನ ಬಾಯಿಗೆ ಧೈರ್ಯ ಬರಲಿಲ್ಲ. ಸತ್ಯ ಹೇಳಿದರೆ ಡಾರ್ಲಾ ರೇಸಿಗೇ ಇಳಿಯುವುದಿಲ್ಲ. ಬೇರೆಯವರು ದಾರಿ ಹೇಳಿದರೆ ಅವಳ ಕಿವಿಗೆ ಹೋಗುತ್ತದೆ, ಕೈಗೆ ಇಳಿಯುವುದಿಲ್ಲ. ಅವಳು ಕಲಿತದ್ದು ಕತ್ತೆಯ ಮಾತು, ಅದು ಗೊತ್ತಿರುವವನು ನನ್ನನ್ನು ಬಿಟ್ಟರೆ ನೀನೊಬ್ಬನೇ. ಡೆಲ್ಮರ್ ಕಲಿಯುತ್ತಾನಂತೆ, ಆದರೆ ಆ ಕಾಲಿನಲ್ಲಿ ಏಣಿ ಹತ್ತಲಾರ. ಕಾರು ಓಡಿಸು ಎಂದು ನಾನು ಕೇಳುತ್ತಿಲ್ಲ. ಕಾರನ್ನು ಮುಟ್ಟಲೂ ಬೇಡ. ಮೇಲೆ ನಿಂತು ನಿನ್ನ ತಂಗಿಗೆ ಕಣ್ಣಾಗು, ಅಷ್ಟೆ. ಅವತ್ತು ಟೀವಿಯ ಮುಂದೆ ನಾನು ಕೂಗಿದ್ದು ನಿನಗೆ ಕೇಳಲಿಲ್ಲ, ಅದಕ್ಕೆ ಈ ಸಲ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನೆಬ್ರಾಸ್ಕಾದಿಂದ ನಮ್ಮೂರಿಗೆ ಎಡಕ್ಕೆ ತಿರುಗಬೇಕೋ ಬಲಕ್ಕೋ ನನಗೆ ಗೊತ್ತಿಲ್ಲ. ದಾರಿಯಂತೂ ಖಾಲಿ ಇದೆ, ಇದನ್ನು ಹೇಳಲು ಕಣ್ಣು ಬೇಕಿಲ್ಲ. ಹಾ, ಅಳಿಯ. ಹಾ.